ಕಿಂಗ್ ದಿನದ ರಜೆ, ನಮ್ಮ ಮೀಸಲಾತಿ ಜಗಳ

ಜನವರಿಯ ಮೂರನೇ ವಾರ ಬಂತೆಂದರೆ ಮಿಶಿಗನ್ ವಿಶ್ವವಿದ್ಯಾಲಯ ಇರುವ ನಮ್ಮ ಆನ್ ಆರ್ಬರ್ ಊರಿನ ತುಂಬ ಒಂದೇ ಸಾಲು ಕಾಣಿಸುತ್ತದೆ. ಬಸ್ ಸ್ಟಾಪಿನ ಪೋಸ್ಟರ್, ಲೈಬ್ರರಿ ಬಾಗಿಲ ಪಕ್ಕದ ಟಿವಿ, ಯಾವುದೋ ವಿಭಾಗದಿಂದ ಬಂದ ಇಮೇಲ್, ಎಲ್ಲಾ ಕಡೆ ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿನ ಸಾಲು. ನನ್ನ ನಾಲ್ಕು ಮಕ್ಕಳನ್ನು ಚರ್ಮದ ಬಣ್ಣ ನೋಡಿ ಅಳೆಯದೆ ಗುಣ ನೋಡಿ ಅಳೆಯುವ ದಿನ ಬರಲಿ ಅನ್ನುವ ಸಾಲು. ಒಳ್ಳೆಯ ಸಾಲೇ. ಅದರ ಜೊತೆ ಯಾರಿಗೂ ಜಗಳವಿಲ್ಲ. ನನ್ನನ್ನು ಕಾಡುವುದೂ ಅದೇ. ಯಾರಿಗೂ ಜಗಳವಿಲ್ಲದ ಮಾತು ಹೇಳಿದ್ದಕ್ಕೆ ಒಬ್ಬ ಮನುಷ್ಯನನ್ನು ಗುಂಡಿಟ್ಟು ಕೊಲ್ಲುತ್ತಾರಾ?

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಆ ಭಾಷಣದಲ್ಲಿ ಕನಸು ಬರುವುದು ಕೊನೆಗೆ. ಶುರುವಿನಲ್ಲಿ ಬರುವುದು ಚೆಕ್ಕು. ಅಮೆರಿಕ ತನ್ನ ಕಪ್ಪು ಜನರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದೆ, ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂದಿದೆ, ಆ ಹಣ ವಸೂಲಿ ಮಾಡೋಕೆ ನಾವು ರಾಜಧಾನಿಗೆ ಬಂದಿದ್ದೇವೆ ಎನ್ನುತ್ತಾರೆ ಕಿಂಗ್. ಈ ಚೆಕ್ಕಿನ ಮಾತನ್ನು ಪೋಸ್ಟರಿನಲ್ಲಿ ನಾನು ಈವರೆಗೆ ನೋಡಿಲ್ಲ. 1966ರಲ್ಲಿ ಗ್ಯಾಲಪ್ ಸಮೀಕ್ಷೆ ನಡೆಸಿದಾಗ 63% ಅಮೆರಿಕನ್ನರು ಕಿಂಗ್ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದಿದ್ದರು. ಆ 63% ಜನ ಎಲ್ಲಿಗೆ ಹೋದರು? ಸತ್ತ ಮೇಲೆ ಎಲ್ಲರೂ ಪೂಜ್ಯರೇ ಅಂತ ಸುಮ್ನೆ ತಳ್ಳಿಹಾಕಬಹುದು. ಆದರೆ ಮಿಶಿಗನ್ ವಿಶ್ವವಿದ್ಯಾಲಯದ ಕತೆ ಅಷ್ಟು ಸರಳವಾಗಿಲ್ಲ. ನಾನು ಇಲ್ಲಿಗೆ ಓದಲು ಬಂದು, ಡೆಟ್ರಾಯಿಟ್ ಸುತ್ತಲಿನ ಕಾರು ಕಂಪನಿಗಳ ಕೆಲಸ ಹಿಡಿದು ಇಲ್ಲೇ ಉಳಿದವನು. ಈ ಊರು ಕಿಂಗ್ ಅವರನ್ನು ನೆನೆಯುವ ರೀತಿ ನೋಡುತ್ತಾ ನೋಡುತ್ತಾ ನಮ್ಮ ಕಡೆಯ ಒಂದು ಹಳೇ ಜಗಳವೂ ಇದರೊಳಗೆ ಸಿಕ್ಕಿಕೊಂಡಿದೆ ಅನ್ನಿಸತೊಡಗಿತು.

ಮೆಟ್ಟಿಲ ಮೇಲೆ

ನಾರ್ತ್ ಕ್ಯಾಂಪಸ್ಸಿನ ಇಂಡಿಯನ್ ಹುಡುಗರಿಗೆ ಕಿಂಗ್ ದಿನ ಅಂದರೆ ಸೋಮವಾರದ ರಜೆ. ತಡವಾಗಿ ಏಳುವುದು, ಬಟ್ಟೆ ಒಗೆಯುವುದು, ಕಾರಿದ್ದವನನ್ನು ಪುಸಲಾಯಿಸಿ ಇಂಡಿಯನ್ ಸ್ಟೋರಿಗೆ ಹೋಗಿ ತೊಗರಿಬೇಳೆ, ಸೋನಾ ಮಸೂರಿ ತರುವುದು. 2014ರ ಆ ಸೋಮವಾರ ನಾನು ಬಸ್ ಹತ್ತಿ ಹಿಲ್ ಆಡಿಟೋರಿಯಂಗೆ ಹೋದದ್ದು ಕಿಂಗ್ ಮೇಲಿನ ಭಕ್ತಿಯಿಂದೇನಲ್ಲ. ಭಾಷಣಕ್ಕೆ ಹ್ಯಾರಿ ಬೆಲಫಾಂಟೆ ಬರುತ್ತಾರೆ ಅಂತ ಗೊತ್ತಾಗಿತ್ತು. ಹಾಡುಗಾರ, ನಟ, ಕಿಂಗ್ ಅವರ ಆಪ್ತ. 86ರ ಆ ಮುದುಕನನ್ನು ಒಮ್ಮೆ ನೋಡಿಬಿಡೋಣ ಅನ್ನೋ ಆಸೆ. ಆ ಜನವರಿಯ ಚಳಿ ಭಯಂಕರ. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟಿದ ಹಾಗೆ ಆಗುತ್ತಿತ್ತು.

ಒಳಗೆ ಹೋಗುವ ಮೊದಲೇ ಮೆಟ್ಟಿಲ ಮೇಲೆ ಗುಂಪು ಕಾಣಿಸಿತು. ಕಪ್ಪು ವಿದ್ಯಾರ್ಥಿಗಳ ಸಂಘದವರು. ಒಂದು ಪಟ್ಟಿ ಓದುತ್ತಿದ್ದರು. ಒಟ್ಟು ಏಳು ಬೇಡಿಕೆ, ಏಳು ದಿನದ ಗಡುವು. ನನ್ನ ತಲೆಯಲ್ಲಿ ಉಳಿದದ್ದು ಆ ಬೇಡಿಕೆಗಳು ಎಷ್ಟು ಚಿಕ್ಕವು, ಎಷ್ಟು ನಿರ್ದಿಷ್ಟ ಎಂಬುದು. ಕಡಿಮೆ ಆದಾಯದವರಿಗೆ ಸೆಂಟ್ರಲ್ ಕ್ಯಾಂಪಸ್ ಹತ್ತಿರ ಕೈಗೆಟಕುವ ಮನೆ ಬೇಕು. ಕಷ್ಟಕ್ಕೆ ಸಿಕ್ಕಿದ ಕಪ್ಪು ವಿದ್ಯಾರ್ಥಿಗಳಿಗೆ ತುರ್ತು ಸ್ಕಾಲರ್‌ಶಿಪ್ ಬೇಕು. ಸಂಘದ ಬಜೆಟ್ ಹೆಚ್ಚಿಸಬೇಕು. ಕಪ್ಪು ವಿದ್ಯಾರ್ಥಿಗಳು ಸೇರುವ ಟ್ರಾಟರ್ ಸೆಂಟರನ್ನು ಕ್ಯಾಂಪಸ್ಸಿನ ನಡುವೆ ತರಬೇಕು. ವಿಶ್ವವಿದ್ಯಾಲಯದ ಬೆಂಟ್ಲಿ ಚರಿತ್ರೆ ಲೈಬ್ರರಿಯಲ್ಲಿರುವ ದಾಖಲೆಗಳು ಎಲ್ಲರಿಗೂ ಸಿಗಬೇಕು. ಜನಾಂಗದ ಚರಿತ್ರೆಯ ಪಾಠ ಎಲ್ಲಾ ಕಾಲೇಜುಗಳಲ್ಲೂ ಕಡ್ಡಾಯ ಆಗಬೇಕು. ಏಳನೆಯದು, ವಿದ್ಯಾರ್ಥಿಗಳಲ್ಲಿ ಕಪ್ಪು ಜನರ ಪಾಲು 10% ಆಗಬೇಕು.

ನನ್ನ ಪಕ್ಕ ನಿಂತಿದ್ದ ಒಬ್ಬರು, ವಯಸ್ಸಾದವರು, ಆ ಹತ್ತು ಪರ್ಸೆಂಟ್ ಕೇಳಿದಾಗ ಜೋರಾಗಿ ನಕ್ಕರು. ಗೇಲಿಯ ನಗೆ ಅಲ್ಲ. ನಾನು ಮುಖ ನೋಡಿದ್ದಕ್ಕೆ, ನಾವೂ ಇದನ್ನೇ ಕೇಳಿದ್ದೆವು, 1970ರಲ್ಲಿ, ಅಂದರು. ಅಷ್ಟು ಹೇಳಿ ಒಳಗೆ ಹೋದರು. ಆಮೇಲೆ ಬೆಲಫಾಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಆದರೆ ಆ ಬೆಳಿಗ್ಗೆಯ ಭಾಷಣಕ್ಕಿಂತ ಮೆಟ್ಟಿಲ ಮೇಲಿನ ಪಟ್ಟಿಯೇ ನನಗೆ ಜಾಸ್ತಿ ನೆನಪಿದೆ.

ಕೊಟ್ಟಿದ್ದಲ್ಲ, ಕಿತ್ತುಕೊಂಡಿದ್ದು

ಆ ಹಿರಿಯರು ಹೇಳಿದ್ದು ನಿಜ. 1970ರ ವಸಂತದಲ್ಲಿ ಇಲ್ಲಿನ ವಿದ್ಯಾರ್ಥಿಗಳು ಬ್ಲ್ಯಾಕ್ ಆ್ಯಕ್ಷನ್ ಮೂವ್‌ಮೆಂಟ್ ಕಟ್ಟಿ ಮುಷ್ಕರ ಹೂಡಿದರು. ಎಷ್ಟೋ ತರಗತಿಗಳು ಖಾಲಿ ಬಿದ್ದವು. ಕೊನೆಗೆ ಆಡಳಿತ ಮಣಿಯಿತು. ಕೆಲವೇ ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲನ್ನು 10%ಗೆ ಏರಿಸುವ ಗುರಿ ಒಪ್ಪಿಕೊಂಡಿತು. ಮುಂದಿನ ವರ್ಷ ಟ್ರಾಟರ್ ಹೌಸ್ ತೆರೆಯಿತು. ಹತ್ತು ಪರ್ಸೆಂಟ್ ಮಾತ್ರ ಬರಲೇ ಇಲ್ಲ.

ಇನ್ನು ರಜೆಯ ಕತೆ. ಕಿಂಗ್ ಹೆಸರಲ್ಲಿ ರಾಷ್ಟ್ರೀಯ ರಜೆ ಬೇಕು ಅಂತ ಸಂಸತ್ತಿನಲ್ಲಿ ಮೊದಲ ಮಸೂದೆ ತಂದವರು ನಮ್ಮ ಪಕ್ಕದ ಡೆಟ್ರಾಯಿಟ್‌ನ ಜಾನ್ ಕಾನ್ಯರ್ಸ್. ಕಿಂಗ್ ಕೊಲೆಯಾಗಿ ನಾಲ್ಕೇ ದಿನಕ್ಕೆ, 1968ರ ಏಪ್ರಿಲ್‌ನಲ್ಲಿ. (ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಡಲ್ಲ ಎಂದ ರೋಸಾ ಪಾರ್ಕ್ಸ್ ಆಮೇಲೆ ಡೆಟ್ರಾಯಿಟ್‌ಗೆ ಬಂದು ಇದೇ ಕಾನ್ಯರ್ಸ್ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ.) ಆ ಮಸೂದೆ ಕಾನೂನಾಗಲು 15 ವರ್ಷ ಹಿಡಿಯಿತು. ಅಧ್ಯಕ್ಷ ರೇಗನ್ ಸಹಿ ಹಾಕಿದ್ದು 1983ರ ನವೆಂಬರ್‌ನಲ್ಲಿ, ದೇಶ ಮೊದಲ ಸಲ ಆಚರಿಸಿದ್ದು 1986ರಲ್ಲಿ. ದೇಶಕ್ಕೆ ರಜೆ ಬಂತು, ಮಿಶಿಗನ್‌ನಲ್ಲಿ ಮಾತ್ರ ತರಗತಿ ಎಂದಿನಂತೆ ನಡೆಯುತ್ತಿತ್ತು.

1987ರ ಚಳಿಗಾಲದಲ್ಲಿ ಒಂದು ಹಾಸ್ಟೆಲಿನಲ್ಲಿ ಕಪ್ಪು ಹುಡುಗಿಯರು ಸೇರಿದ್ದ ಕೋಣೆಯ ಬಾಗಿಲ ಸಂದಿಯಿಂದ ಯಾರೋ ಚೀಟಿ ತೂರಿಸಿದರು. ಕಪ್ಪು ಜನರನ್ನು ಬೇಟೆಯಾಡಲು ಈಗ ಸೀಸನ್ ಅನ್ನುವ ಅರ್ಥದ ಚೀಟಿ. ಅದರ ಬೆನ್ನಿಗೇ ವಿದ್ಯಾರ್ಥಿಗಳ ರೇಡಿಯೋದಲ್ಲಿ ಕೇಳುಗರು ಫೋನ್ ಮಾಡಿ ಜನಾಂಗದ ಮೇಲೆ ಹೊಲಸು ಜೋಕ್ ಹೇಳಿದ್ದು ಪ್ರಸಾರವಾಯಿತು. ವಿದ್ಯಾರ್ಥಿಗಳು ಮತ್ತೆ ಬೀದಿಗಿಳಿದರು, ಆಡಳಿತ ಕಟ್ಟಡದಲ್ಲಿ ಧರಣಿ ಕೂತರು. ಕಿಂಗ್ ಜೊತೆ ದುಡಿದಿದ್ದ ಹೋರಾಟಗಾರ ಜೆಸ್ಸಿ ಜಾಕ್ಸನ್ ಬಂದು ನಡುವೆ ನಿಂತು ಮಾತುಕತೆ ಮಾಡಿಸಿದರು. ಕಿಂಗ್ ದಿನ ತರಗತಿ ನಿಲ್ಲಿಸಿ ಎಂಬುದು ಆಗಿನ ಬೇಡಿಕೆಗಳಲ್ಲಿ ಒಂದು. ಈಗ ಪ್ರತಿ ಜನವರಿ ನಡೆಯುವ ದೊಡ್ಡ ಸಿಂಪೋಸಿಯಂ, ತರಗತಿಯ ರಜೆ, ಎಲ್ಲದರ ಬೇರು ಆ ಕಾಲದ್ದು. ಈಗ ಅದನ್ನು ವಿಶ್ವವಿದ್ಯಾಲಯದ ಹೆಮ್ಮೆಯ ಪರಂಪರೆ ಎನ್ನುತ್ತಾರೆ. ಹೆಮ್ಮೆ ಪಡಲಿ, ಬೇಡ ಅಂದವರು ಯಾರು. ಆದರೆ ಇದು ಧರಣಿ ಕೂತು ಪಡೆದ ರಜೆ. 2014ರ ಹುಡುಗರು ಮೆಟ್ಟಿಲ ಮೇಲೆ ಗಡುವು ಓದಿ ಸಮಾರಂಭ ಕೆಡಿಸಿದರು ಅಂತ ಆಗ ಗೊಣಗಿದವರಿದ್ದರು. ನನ್ನ ಲೆಕ್ಕದಲ್ಲಿ ಆ ದಿನ ಸಮಾರಂಭ ನಡೆದದ್ದೇ ಅಲ್ಲಿ.

ಗಡುವಿಗೆ ಫಲವೂ ಸಿಕ್ಕಿತು. 2019ರಲ್ಲಿ ಹೊಸ ಟ್ರಾಟರ್ ಕಟ್ಟಡ ಸ್ಟೇಟ್ ಸ್ಟ್ರೀಟಿನಲ್ಲಿ, ಕ್ಯಾಂಪಸ್ಸಿನ ಮಧ್ಯದಲ್ಲೇ ತೆರೆಯಿತು. ಕಟ್ಟಡ ಕಟ್ಟಬಹುದು. ಏಳನೇ ಬೇಡಿಕೆಗೆ ಮಾತ್ರ ಕಾನೂನೇ ಅಡ್ಡ ನಿಂತಿತ್ತು.

ಅದೇ ಸಾಲು, ಆ ಕಡೆಯಿಂದ

ಅಮೆರಿಕದ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳಬಹುದೇ ಎಂಬ ಜಗಳದ ಒಂದು ದೊಡ್ಡ ಅಖಾಡ ಇದೇ ಊರು. ಇಲ್ಲಿ ಸೀಟು ಸಿಗದ ಇಬ್ಬರು ಬಿಳಿ ಮಹಿಳೆಯರು, ಜೆನಿಫರ್ ಗ್ರಾಟ್ಜ್ ಮತ್ತು ಬಾರ್ಬರಾ ಗ್ರಟರ್, ಹೂಡಿದ ಮೊಕದ್ದಮೆಗಳು ಸುಪ್ರೀಂ ಕೋರ್ಟ್ ತನಕ ಹೋದವು. 2003ರಲ್ಲಿ ತೀರ್ಪು ಬಂತು. ಪದವಿ ಪ್ರವೇಶದಲ್ಲಿ ಅಲ್ಪಸಂಖ್ಯಾತರಿಗೆ ನೇರವಾಗಿ 20 ಅಂಕ ಸೇರಿಸುತ್ತಿದ್ದುದು ತಪ್ಪು, ಕಾನೂನು ಕಾಲೇಜು ಹಲವು ಸಂಗತಿಗಳ ಜೊತೆ ಜನಾಂಗವನ್ನೂ ನೋಡುತ್ತಿದ್ದುದು ಸರಿ ಎಂದಿತು ಕೋರ್ಟು. ವಿಶ್ವವಿದ್ಯಾಲಯ ಅರ್ಧ ಗೆದ್ದಿತು. ಮೂರೇ ವರ್ಷಕ್ಕೆ ರಾಜ್ಯದ ಮತದಾರರು ಆ ಅರ್ಧವನ್ನೂ ಕಿತ್ತುಕೊಂಡರು. 2006ರಲ್ಲಿ ಪ್ರಪೋಸಲ್ 2 ಎಂಬ ಜನಮತಗಣನೆಯಲ್ಲಿ ಅದರ ಪರವಾಗಿ 58% ಮತ ಬಿತ್ತು. ಸರ್ಕಾರಿ ಕಾಲೇಜುಗಳು ಪ್ರವೇಶದಲ್ಲಿ ಜನಾಂಗ ನೋಡುವ ಹಾಗಿಲ್ಲ ಅಂತಾಯಿತು. ಅದರ ಹಿಂದಿದ್ದವರು ತಮ್ಮ ಅಭಿಯಾನಕ್ಕೆ ಇಟ್ಟುಕೊಂಡ ಹೆಸರು ಮಿಶಿಗನ್ ಸಿವಿಲ್ ರೈಟ್ಸ್ ಇನಿಶಿಯೇಟಿವ್! ವಾದಕ್ಕೆ ಆಧಾರ? ಬಣ್ಣ ನೋಡಬೇಡಿ, ಗುಣ ನೋಡಿ. ಕಿಂಗ್ ಅವರ ಅದೇ ಸಾಲು.

ಆಮೇಲೆ ಏನಾಯಿತು ಅನ್ನುವುದನ್ನು ವಿಶ್ವವಿದ್ಯಾಲಯವೇ 2022ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ. ಪದವಿ ವಿದ್ಯಾರ್ಥಿಗಳಲ್ಲಿ ಕಪ್ಪು ಜನರ ಪಾಲು 2006ರಲ್ಲಿ 7% ಇದ್ದದ್ದು 2021ಕ್ಕೆ 4% ಆಗಿತ್ತು. ಅದೇ ಹೊತ್ತಿನಲ್ಲಿ ರಾಜ್ಯದಲ್ಲಿ ಕಾಲೇಜು ವಯಸ್ಸಿನವರ ನಡುವೆ ಕಪ್ಪು ಯುವಕರ ಪಾಲು 16%ರಿಂದ 19%ಕ್ಕೆ ಏರಿತ್ತು. ಬಡತನ ನೋಡಿ, ಊರು ನೋಡಿ, ಬೇರೆ ಬೇರೆ ದಾರಿ ಹುಡುಕಿದೆವು, ಸಾಲಲಿಲ್ಲ ಎಂದು ಬರೆದಿತ್ತು. ಕೋರ್ಟು 2023ರ ಜೂನ್‌ನಲ್ಲಿ ಆ ಮಾತು ಕೇಳಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಕ್ರಮದ ಮೇಲಿನ ಮೊಕದ್ದಮೆಯಲ್ಲಿ ಇಡೀ ದೇಶಕ್ಕೇ ಆ ಬಾಗಿಲು ಮುಚ್ಚಿತು. ಮುಚ್ಚಲು ಮೊಕದ್ದಮೆ ಹೂಡಿದವರು ಅನ್ಯಾಯವಾಗಿದೆ ಅಂತ ತೋರಿಸಿದ್ದು ಏಷ್ಯನ್ ವಿದ್ಯಾರ್ಥಿಗಳನ್ನು. ಅಂದರೆ ನಮ್ಮ ಮಕ್ಕಳನ್ನೂ ಸೇರಿಸಿ. 2025ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಎಲ್ಲಾ ಹಿನ್ನೆಲೆಯವರಿಗೂ ಜಾಗ, ಸಮಾನತೆ ಸಿಗಲಿ ಅಂತ ಇದ್ದ ತನ್ನ ಡಿಇಐ ಕಚೇರಿಯನ್ನೇ ಮುಚ್ಚಿತು.

ಈಗ ಕಿಂಗ್ ಆ ಸಾಲಿನಲ್ಲಿ ನಿಜಕ್ಕೂ ಇದನ್ನೇ ಹೇಳಿದ್ದರಾ? ಇಲ್ಲ. ಅನುಮಾನಕ್ಕೆ ಜಾಗವಿಲ್ಲದ ಹಾಗೆ ಅವರೇ ಬರೆದಿಟ್ಟಿದ್ದಾರೆ. ಬರೆಯುವಾಗ ಉದಾಹರಣೆ ತಗೊಂಡದ್ದು ನಮ್ಮ ದೇಶದಿಂದ. ಅದನ್ನು ನಾನು ಹೇಳಬೇಕಾಗಿ ಬಂದದ್ದು ಒಂದು ಸಂಕ್ರಾಂತಿ ಪಾರ್ಟಿಯಲ್ಲಿ.

ಎಳ್ಳು ಬೆಲ್ಲ ತಿನ್ನುತ್ತಾ

ಕಿಂಗ್ ದಿನದ ಲಾಂಗ್ ವೀಕೆಂಡೂ ಸಂಕ್ರಾಂತಿಯೂ ಅಕ್ಕಪಕ್ಕ ಬೀಳುವುದರಿಂದ ಇಲ್ಲಿನ ಕನ್ನಡದವರು ಸೇರುವುದಕ್ಕೆ ಅನುಕೂಲ. ಹಾರ್ವರ್ಡ್ ತೀರ್ಪು ಬಂದ ಮರುವರ್ಷ ಹಾಸನದ ಕಡೆಯ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆಯ ಬದಲಿಗೆ ಯಾವುದೋ ಅಂಗಡಿಯಲ್ಲಿ ಸಿಕ್ಕ ತುಂಡು ಕಬ್ಬು, ಸಿಹಿ ಪೊಂಗಲ್. ಅವನ ಮಗಳು ಹೈಸ್ಕೂಲು. ಮಂಗಳವಾರ ಸ್ಕೂಲಿನಲ್ಲಿ ಕಿಂಗ್ ಬಗ್ಗೆ ಮಾತಾಡಬೇಕಂತೆ. ಎಲ್ಲರ ಮುಂದೆ ಕನಸಿನ ಭಾಗವನ್ನು ಹೇಳಿ ತೋರಿಸಿದಳು. ಚಪ್ಪಾಳೆ ಬಿತ್ತು. ಗೆಳೆಯನ ಕಣ್ಣು ಒದ್ದೆ.

ಅದಾಗಿ ಕಾಲು ಗಂಟೆ ಆಗಿರಲಿಲ್ಲ, ಮಾತು ಕಾಲೇಜು ಸೀಟಿಗೆ ಬಂತು. ಸದ್ಯ ಕೋರ್ಟು ಸರಿಯಾದ ತೀರ್ಪು ಕೊಡ್ತು, ಇನ್ನು ನಮ್ಮ ಮಕ್ಕಳಿಗೂ ಮೆರಿಟ್ ಮೇಲೆ ಸಿಗತ್ತೆ ಅಂದರು ಒಬ್ಬರು. ಅಲ್ಲಿಂದ ಊರಿನ ಮೀಸಲಾತಿಗೆ ಹಾರಲು ಎಷ್ಟು ಹೊತ್ತು ಬೇಕು? ಸಿಇಟಿ ರ‍್ಯಾಂಕು, ತಪ್ಪಿಹೋದ ಸೀಟು, ಅದಕ್ಕೇ ನಾವು ಇಲ್ಲಿಗೆ ಬಂದದ್ದು, ಇತ್ಯಾದಿ. ನಿಮಗೆಲ್ಲ ಗೊತ್ತಿರುವ ಮಾತೇ. "ಕಿಂಗ್ ಹೇಳಿದ್ದೂ ಅದೇ ಅಲ್ವೇನೋ? ಹುಟ್ಟು ನೋಡಬೇಡಿ ಅಂತ," ಅಂದ ಗೆಳೆಯ.

ಆಗ ನಾನು ನೆಹರೂ ಕತೆ ಹೇಳಿದೆ. 1959ರಲ್ಲಿ ಕಿಂಗ್ ಇಂಡಿಯಾಕ್ಕೆ ಬಂದಿದ್ದರು. ಜೊತೆಗೆ ಹೆಂಡತಿ ಕೊರೆಟ್ಟಾ, ಗೆಳೆಯ ಲಾರೆನ್ಸ್ ರೆಡಿಕ್. ನೆಹರೂ ಜೊತೆ ಮಾತಾಡುವಾಗ ಅಸ್ಪೃಶ್ಯತೆಯ ವಿಷಯ ಬಂತು. ಕಾಲೇಜಿನ ಒಂದು ಸೀಟಿಗೆ ಒಬ್ಬ ಅಸ್ಪೃಶ್ಯ, ಒಬ್ಬ ಮೇಲ್ಜಾತಿಯವ ಪೈಪೋಟಿ ಮಾಡಿದರೆ ಸೀಟು ಅಸ್ಪೃಶ್ಯನಿಗೆ ಕೊಡಬೇಕು ಎಂದರು ನೆಹರೂ. ಇದು ತಾರತಮ್ಯ ಆಗಲಿಲ್ಲವೇ ಎಂದು ರೆಡಿಕ್ ಕೇಳಿದರು. ಆಗಿರಬಹುದು, ಆದರೆ ಶತಮಾನಗಳಿಂದ ಆ ಜನರಿಗೆ ಮಾಡಿದ ಅನ್ಯಾಯಕ್ಕೆ ನಾವು ಪ್ರಾಯಶ್ಚಿತ್ತ ಮಾಡಿಕೊಳ್ಳುವ ದಾರಿ ಇದು ಎಂದರು ನೆಹರೂ. ಈ ಮಾತುಕತೆಯನ್ನು ಕಿಂಗ್ 1964ರಲ್ಲಿ ಬಂದ ತಮ್ಮ 'ವೈ ವಿ ಕಾಂಟ್ ವೇಟ್' ಪುಸ್ತಕದಲ್ಲಿ ಹಾಕಿದ್ದಾರೆ. ಸುಮ್ನೆ ಹಾಕಿಲ್ಲ. ಅಮೆರಿಕವೂ ತನ್ನ ಕಪ್ಪು ಜನರಿಗೆ ಹೀಗೆಯೇ ಏನಾದರೂ ಮಾಡಬೇಕು ಎಂಬ ವಾದಕ್ಕೆ ಹಾಕಿದ್ದಾರೆ. ಕನಸಿನ ಭಾಷಣ ಮಾಡಿ ಒಂದು ವರ್ಷದೊಳಗೆ ಬಂದ ಪುಸ್ತಕ ಅದು.

"ಹೋಗಲೋ, ಕಿಂಗ್‌ಗೆ ನಮ್ಮ ದೇಶದ ಬಗ್ಗೆ ಏನ್ ಗೊತ್ತು? ಒಂದು ತಿಂಗಳು ಟೂರ್ ಮಾಡ್ದೋರು," ಅಂದ ಗೆಳೆಯ.

ಅವನ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಿಂಗ್ ನೋಡಿದ್ದು ಸರ್ಕಾರ ಮತ್ತು ಗಾಂಧಿವಾದಿಗಳು ತೋರಿಸಿದ ಇಂಡಿಯಾ. ಅಂಬೇಡ್ಕರ್ ತೀರಿಕೊಂಡು ಎರಡು ವರ್ಷ ಆಗಿತ್ತು. ಮೀಸಲಾತಿಯ ಮಾತು ಕಿಂಗ್ ಕಿವಿಗೆ ಬಿದ್ದದ್ದು ಮೇಲಿನವರ ಪ್ರಾಯಶ್ಚಿತ್ತವಾಗಿಯೇ ಹೊರತು, ಕೆಳಗಿನವರು ಹೋರಾಡಿ ಪಡೆದ ಹಕ್ಕಾಗಿ ಅಲ್ಲ. ಮೈಸೂರಿನವರಾದ ನಮಗೆ ನೆಹರೂ ತನಕ ಹೋಗುವ ಅಗತ್ಯವೂ ಇಲ್ಲ. ಬ್ರಾಹ್ಮಣೇತರರು ಹೋಗಿ ಕೇಳಿದ ಮೇಲೆ ಸರ್ಕಾರಿ ಕೆಲಸದಲ್ಲಿ ಅವರಿಗೂ ಪಾಲು ಕೊಡುವುದು ಹೇಗೆ ಅಂತ ನೋಡಲು ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮೆರಿಟ್ ಕೆಡುತ್ತದೆ ಎಂಬ ಚಿಂತೆ ಅವರದ್ದು. ನೂರು ವರ್ಷ ಕಳೆದರೂ ವಾದ ಒಂದು ಅಕ್ಷರ ಬದಲಾಗಿಲ್ಲ, ನೋಡಿ.

ಆದರೆ ಕಿಂಗ್‌ಗೆ ಜಾತಿ ಏನೂ ಅರ್ಥವಾಗಿರಲಿಲ್ಲ ಎಂದರೆ ಒಪ್ಪಲಾರೆ. ಅದೇ ಪ್ರವಾಸದಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳೆದುರು ಅವರನ್ನು ಅಮೆರಿಕದಿಂದ ಬಂದ ನಿಮ್ಮಂಥದೇ ಅಸ್ಪೃಶ್ಯ ಅಂತ ಪರಿಚಯಿಸಿದರಂತೆ. ಮೊದಲು ಬೇಜಾರಾಯಿತು, ಆಮೇಲೆ ಯೋಚಿಸಿದರೆ ಹೌದು, ನಾನು ಅಸ್ಪೃಶ್ಯನೇ ಅನ್ನಿಸಿತು ಎಂದು 1965ರಲ್ಲಿ ಅವರೇ ಪ್ರವಚನದಲ್ಲಿ ಹೇಳಿಕೊಂಡಿದ್ದಾರೆ. ವಾಷಿಂಗ್ಟನ್‌ಗೆ ಎರಡು ತಿಂಗಳು ಮುಂಚೆ, 1963ರ ಜೂನ್‌ನಲ್ಲಿ, ಡೆಟ್ರಾಯಿಟ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿ ಕನಸಿನ ಮಾತನ್ನು ಅವರು ಇಲ್ಲೇ ಒಮ್ಮೆ ಆಡಿದ್ದರು. ಅದರಲ್ಲಿ ಒಂದು ಕನಸು ಬಾಡಿಗೆ ಮನೆಯದ್ದು. ಕೈಲಿರುವ ದುಡ್ಡಿಗೆ ಎಲ್ಲಿ ಸಿಗುತ್ತದೋ ಅಲ್ಲಿ ಕಪ್ಪು ಜನ ಡೆಟ್ರಾಯಿಟ್‌ನಲ್ಲಿ ಮನೆ ಕೊಳ್ಳುವಂತಾಗಲಿ, ಬಾಡಿಗೆಗೆ ಹಿಡಿಯುವಂತಾಗಲಿ ಎಂದು. "ನೀವು ಯಾವ ಜನ?" ಅಂತ ಬಾಡಿಗೆಗೆ ಮುಂಚೆ ಕೇಳಿಸಿಕೊಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ ಆ ಸಂಜೆ ಹೇಳಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಕಿಂಗ್ ಮತ್ತು ಅವರಂಥ ಸಾವಿರಾರು ಜನ ಬೀದಿಗಿಳಿದ ಆ ವರ್ಷಗಳಲ್ಲೇ, 1965ರಲ್ಲಿ, ವಲಸೆ ಕಾನೂನೂ ಬದಲಾಯಿತು. ಅದಕ್ಕೆ ಮೊದಲು ಇಡೀ ಇಂಡಿಯಾಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು. ಆ ದಿವಾನಖಾನೆಯಲ್ಲಿ ಪೊಂಗಲ್ ತಿನ್ನುತ್ತಿದ್ದ ನಾವೆಲ್ಲ ಇಲ್ಲಿರುವುದು ಬರೀ ನಮ್ಮ ರ‍್ಯಾಂಕಿನಿಂದ ಅಲ್ಲ. ಬೇರೆಯವರು ಪೊಲೀಸರಿಂದ ಒದೆ ತಿಂದು ತೆರೆದ ಬಾಗಿಲಿನಿಂದ ನಾವೂ ಒಳಗೆ ಬಂದೆವು.

ಜಗಳ ಬಿಸಿಯೇರುವ ಹೊತ್ತಿಗೆ ಗೆಳೆಯನ ಅಪ್ಪ ಬಾಯಿ ಬಿಟ್ಟರು. ಆರು ತಿಂಗಳ ವೀಸಾ ಮೇಲೆ ಬಂದವರು. ಅಲ್ಲಿವರೆಗೆ ಸೋಫಾದ ಮೂಲೆಯಲ್ಲಿ ಅವರೆಕಾಳು ಸುಲಿಯುತ್ತಾ ಕೂತಿದ್ದರು. "ನಾನು ಮೈಸೂರಲ್ಲಿ ಓದಿದ್ದು ನಮ್ಮ ಜನದ ಹಾಸ್ಟೆಲ್‌ನಲ್ಲಿ ಕಣಪ್ಪ. ಊಟ, ಹಾಸಿಗೆ, ಎಲ್ಲಾ ಬಿಟ್ಟಿ. ಬೇರೆಯವರನ್ನ ಸೇರಿಸ್ತಾ ಇರಲಿಲ್ಲ. ಅದಿಲ್ದೇ ಇದ್ರೆ ನಾನು ಗದ್ದೇಲಿರ್ತಿದ್ದೆ, ನೀನೂ ಅಲ್ಲೇ. ಅದನ್ನ ಏನಂತೀಯಾ, ಮೆರಿಟ್ಟಾ?" ಮಗ ಅದು ಬೇರೆ ಅಪ್ಪಾ ಅಂದ. ಹೇಗೆ ಬೇರೆ ಅಂತ ಅವರು ಕೇಳಿದರು. ಅಷ್ಟರಲ್ಲಿ ಗೆಳೆಯನ ಹೆಂಡತಿ ಊಟಕ್ಕೆ ಕರೆದರು.

ಮಂಗಳವಾರ ಸಂಜೆ ಗೆಳೆಯನ ಫೋನು. ಮಗಳು ಸ್ಕೂಲಿನಲ್ಲಿ ಕನಸಿನ ಭಾಗ ಬಿಟ್ಟು ನೆಹರೂ, ರೆಡಿಕ್ ಮಾತುಕತೆ ಹೇಳಿ ಬಂದಿದ್ದಾಳೆ, ತಾತನ ಹಾಸ್ಟೆಲಿನ ಕತೆಯನ್ನೂ ಸೇರಿಸಿ. ಟೀಚರ್ ಇದು ಎಲ್ಲಿದೆ ಅಂತ ಕೇಳಿದ್ದಾರೆ. ಎಲ್ಲಾ ನಿನ್ನಿಂದ ಕಣೋ ಅಂತ ನನ್ನನ್ನು ಚೆನ್ನಾಗಿ ಬೈದ. ಬೈದು ಮುಗಿಸಿ, ಆ ಪುಟದ್ದೊಂದು ಫೋಟೋ ವಾಟ್ಸಾಪ್ ಮಾಡು ಅಂದ.